ಬೆಟ್ಟ ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ ತೊಡೆ ನೋವು

ಆಷಾಢದ ಒಂದು ಭಾನುವಾರ ಬೆಳಗ್ಗೆ ತಂಗಿಯ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಎಷ್ಟೋ ವರ್ಷಗಳ ಮೇಲೆ. ಹತ್ತುವಾಗ ಏದುಸಿರು ಬಂತು, ಎದೆ ಡವಡವ ಎಂದಿತು, ತೊಡೆ ಉರಿಯಿತು. ನಂದಿಯ ಹತ್ತಿರ ಹತ್ತು ನಿಮಿಷ ಕೂತು ಮಜ್ಜಿಗೆ ಕುಡಿದದ್ದೇ ತಡ, ಉರಿಯೆಲ್ಲ ಇಳಿದುಹೋಯಿತು. ದರ್ಶನ ಮುಗಿಸಿ ಮೆಟ್ಟಿಲಲ್ಲೇ ವಾಪಸ್ಸು ಬಂದೆವು. ಇಳಿಯುವುದು ಎಷ್ಟು ಹಗುರವೆನಿಸಿತೆಂದರೆ, ದಾರಿಯುದ್ದಕ್ಕೂ ಮಾತಾಡಿಕೊಂಡೇ ಬಂದೆವು. ಕೊನೆಯ ನೂರು ಮೆಟ್ಟಿಲಲ್ಲಿ ಮಾತ್ರ ಮಂಡಿಯ ಮೇಲ್ಭಾಗ ಸಣ್ಣಗೆ ನಡುಗುತ್ತಿತ್ತು.

ಅವತ್ತು ರಾತ್ರಿ ಏನೂ ಇರಲಿಲ್ಲ. ಸೋಮವಾರ ಹಾಸಿಗೆಯಿಂದ ಏಳುವಾಗ ತೊಡೆ ಬಿಗಿ. ಮಂಗಳವಾರವಂತೂ ಮಹಡಿಯಿಂದ ಇಳಿಯಲು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರುತ್ತಾ ಬರಬೇಕಾಯಿತು. ಹತ್ತುವಾಗ ಅಷ್ಟೇನೂ ಇಲ್ಲ, ಇಳಿಯುವಾಗ ಜೀವ ಹೋಗುವಷ್ಟು. ಕುಕ್ಕರಗಾಲಲ್ಲಿ ಕೂರುವುದು ಅಸಾಧ್ಯ. ಆದರೆ ಸುಮ್ಮನೆ ಮಲಗಿದ್ದರೆ ನೋವೇ ಇಲ್ಲ.

"ಮೈ ಹಿಡ್ಕೊಂಡಿದೆ ಕಣೇ, ಬಿಸಿನೀರು ಹಾಕ್ಕೋ, ಓಡಾಡ್ತಾ ಇರು, ಎರಡು ದಿನಕ್ಕೆ ಬಿಡುತ್ತೆ" ಎಂದರು ಅಮ್ಮ. ತಂಗಿಗೂ ಅದೇ ಪಾಡು. ಅವಳು ಹೋಗುವ ಜಿಮ್ಮಿನಲ್ಲಿ ಸಿಕ್ಕ ವಿವರಣೆ ಬೇರೆ: "ತೊಡೆಯಲ್ಲಿ ಲ್ಯಾಕ್ಟಿಕ್ ಆ್ಯಸಿಡ್ ಕೂತಿದೆ." ಈ ಎರಡನೆಯ ಮಾತನ್ನು ನಾನು ಶಾಲೆಯ ದಿನಗಳಿಂದ ಕೇಳುತ್ತಾ ಬಂದಿದ್ದೇನೆ. ಆಟದ ಮೇಷ್ಟ್ರು ಹೇಳುತ್ತಿದ್ದರು, ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಬರುತ್ತಿತ್ತು. ಅದು ತಪ್ಪು, ಮತ್ತು ತಪ್ಪೆಂದು ಗೊತ್ತಾಗಿ ನಲವತ್ತು ವರ್ಷ ದಾಟಿದೆ. ಇಷ್ಟಾದರೂ ಅದು ಜನರ ಬಾಯಿಂದ ಹೋಗಿಲ್ಲ ಎನ್ನುವ ಬೇಸರವೇ ನನ್ನಿಂದ ಇದನ್ನು ಬರೆಸುತ್ತಿದೆ.

ಲ್ಯಾಕ್ಟಿಕ್ ಆ್ಯಸಿಡ್ ಮೇಲಿನ ಆರೋಪ ಎಲ್ಲಿಂದ ಬಂತು? 19ನೇ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್, ಬೇಟೆಯಲ್ಲಿ ಓಡಿ ಓಡಿ ಸತ್ತ ಜಿಂಕೆಯ ಮಾಂಸದಲ್ಲಿ ಈ ಆಮ್ಲ ಹೆಚ್ಚಿರುವುದನ್ನು ಗಮನಿಸಿದ. 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್, ಕಪ್ಪೆಯ ಸ್ನಾಯು ದಣಿದಂತೆಲ್ಲ ಅದು ಏರುತ್ತದೆ, ಆಮ್ಲಜನಕ ಸಿಕ್ಕಾಗ ಇಳಿಯುತ್ತದೆ ಎಂದು ತೋರಿಸಿದರು. ದಣಿವಿದ್ದಲ್ಲಿ ಆಮ್ಲ, ಆಮ್ಲವೆಂದರೆ ಉರಿ, ಉರಿಯೆಂದರೆ ನೋವು. ಸರಪಳಿ ತಾನಾಗಿಯೇ ಕೂಡಿಕೊಂಡಿತು. ನಂದಿಯ ಹತ್ತಿರ ನನ್ನ ತೊಡೆಯಲ್ಲಿದ್ದ ಉರಿಗೆ, ಬಿರುಸಿನ ಕೆಲಸದಲ್ಲಿ ಸ್ನಾಯುವಿನೊಳಗೆ ಹುಟ್ಟುವ ಇಂಥ ವಸ್ತುಗಳೆಲ್ಲ ಸೇರಿ ಕಾರಣ ಎನ್ನುವುದು ಒಪ್ಪತಕ್ಕ ಮಾತೇ. ಆದರೆ ಹೀಗೆ ಹುಟ್ಟಿದ ಲ್ಯಾಕ್ಟೇಟ್ (ಮೈಯೊಳಗೆ ಈ ಆಮ್ಲ ಇರುವ ರೂಪ) ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಖಾಲಿಯಾಗುತ್ತದೆ. ಹೃದಯವೂ ಬೇರೆ ಸ್ನಾಯುಗಳೂ ಅದನ್ನು ಉರುವಲಾಗಿ ಬಳಸುತ್ತವೆ, ಯಕೃತ್ತು ಅದನ್ನು ಮತ್ತೆ ಸಕ್ಕರೆ ಮಾಡುತ್ತದೆ. ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೇ ಹೋಗಿದ್ದು ಮಂಗಳವಾರ ಬಂದು ನೋಯಿಸುವುದಾದರೂ ಹೇಗೆ?

1983ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದರು. ಒಂದು ಓಟ ಸಮತಟ್ಟಿನ ಟ್ರೆಡ್‌ಮಿಲ್ಲಿನಲ್ಲಿ, ಇನ್ನೊಂದು ಇಳಿಜಾರಿನಲ್ಲಿ. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟಿಕ್ ಆ್ಯಸಿಡ್ ಏರಿತು, ಮರುದಿನ ನೋವು ಬರಲಿಲ್ಲ. ಇಳಿಜಾರಿನಲ್ಲಿ ಅದು ಏರಲೇ ಇಲ್ಲ, ನೋವು ಮಾತ್ರ ಚೆನ್ನಾಗಿಯೇ ಬಂತು. ಆರೋಪಿ ಆ ಜಾಗದಲ್ಲೇ ಇರಲಿಲ್ಲ ಎಂದಮೇಲೆ ಮೊಕದ್ದಮೆ ಮುಗಿದಂತೆ.

ಹಾಗಾದರೆ ಇಳಿಯುವುದರಲ್ಲಿ ಏನಿದೆ?

ಬಾವಿಯಿಂದ ತುಂಬಿದ ಕೊಡವನ್ನು ಸೇದುವುದು ಒಂದು ಕೆಲಸ. ಅದೇ ತುಂಬಿದ ಕೊಡವನ್ನು ಧಡಕ್ಕನೆ ಬೀಳದಂತೆ, ಹಗ್ಗವನ್ನು ಬಿಗಿಹಿಡಿದು ಸ್ವಲ್ಪಸ್ವಲ್ಪವೇ ಬಿಡುತ್ತಾ ಕೆಳಗಿಳಿಸುವುದು ಇನ್ನೊಂದು. ಸೇದುವಾಗ ಹಗ್ಗ ಕೈಗೆ ಬರುತ್ತದೆ. ಬಿಡುವಾಗ ಹಗ್ಗ ಕೈಯನ್ನು ಸವರಿಕೊಂಡು ಹೋಗುತ್ತದೆ, ಅಂಗೈ ತರಚುವುದು ಆಗಲೇ. ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಗಿಡ್ಡವಾಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಮಂಡಿ ಮಡಚುತ್ತಾ ಹೋಗುತ್ತದೆ, ಅದೇ ಸ್ನಾಯು ಮೈಭಾರವನ್ನು ತಡೆದು ಹಿಡಿದುಕೊಂಡೇ ಉದ್ದವಾಗುತ್ತಾ ಹೋಗಬೇಕು. ಸಂಕೋಚಿಸಲು ಎಳೆಯುತ್ತಿದೆ, ಆದರೂ ಹಿಗ್ಗುತ್ತಿದೆ. ಸಾವಿರ ಮೆಟ್ಟಿಲೆಂದರೆ ಒಂದೊಂದು ತೊಡೆಗೆ ಇಂಥ ಐನೂರು ಎಳೆದಾಟ.

ಇದರ ವಿಚಿತ್ರವೇನೆಂದರೆ ಹೀಗೆ ಹಿಗ್ಗುತ್ತಾ ದುಡಿಯುವುದು ಶರೀರಕ್ಕೆ ಬಹಳ ಅಗ್ಗ. 1952ರಲ್ಲಿ ಇಂಗ್ಲೆಂಡಿನಲ್ಲಿ ಆಬಟ್, ಬಿಗ್ಲೆಂಡ್, ರಿಚಿ ಎಂಬ ಮೂವರು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು. ಇನ್ನೊಬ್ಬರ ಪೆಡಲು ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ತಡೆಯಬೇಕು. ಇಬ್ಬರ ಕಾಲಿನ ಮೇಲೂ ಬೀಳುವ ಬಲ ಒಂದೇ. ಆದರೆ ತುಳಿಯುವವರು ಬಳಸಿದ ಆಮ್ಲಜನಕಕ್ಕೆ ಹೋಲಿಸಿದರೆ ತಡೆಯುವವರು ಬಳಸಿದ್ದು ಅದರ ಒಂದು ಪಾಲು ಮಾತ್ರ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ತೋರಿಸಿದಾಗ ಸಣ್ಣ ಮೈಕಟ್ಟಿನ ಮಹಿಳೆ ತಡೆಯಲು ಕೂತರು, ದೊಡ್ಡ ಗಂಡಸು ತುಳಿದರು. ಸುಸ್ತಾಗಿದ್ದು ಗಂಡಸು.

ನಾವು ಮಾತಾಡಿಕೊಂಡು ಬೆಟ್ಟ ಇಳಿದದ್ದು ಇದಕ್ಕೇ. ಇದೇ ಅಗ್ಗದಲ್ಲಿ ಅಪಾಯವೂ ಇದೆ. ಇಳಿಯುವಾಗ ಅಷ್ಟೇ ಭಾರಕ್ಕೆ ಕಡಿಮೆ ಸ್ನಾಯುತಂತುಗಳು ಕೆಲಸಕ್ಕೆ ಬರುತ್ತವೆ, ಹಾಗಾಗಿ ಒಂದೊಂದು ತಂತುವಿನ ಮೇಲೂ ಬೀಳುವ ಎಳೆತ ಜಾಸ್ತಿ. ಡೆನ್ಮಾರ್ಕಿನ ಆಸ್ಮುಸೆನ್ 1950ರ ದಶಕದಲ್ಲಿ, ಲಂಡನ್ನಿನ ಸಂಶೋಧಕರು 1980ರ ದಶಕದ ಆರಂಭದಲ್ಲಿ, ಒಂದು ಸರಳ ಉಪಾಯ ಮಾಡಿದರು: ಸ್ಟೂಲಿನ ಮೇಲೆ ಹತ್ತುವುದು ಯಾವಾಗಲೂ ಒಂದೇ ಕಾಲಲ್ಲಿ, ಇಳಿಯುವ ಭಾರ ಹೊರುವುದು ಯಾವಾಗಲೂ ಇನ್ನೊಂದು ಕಾಲು. ದಣಿದದ್ದು ಹತ್ತಿಸಿದ ಕಾಲು. ಎರಡು ದಿನ ಬಿಟ್ಟು ನೊಂದದ್ದು ಇಳಿಸಿದ ಕಾಲು. ಒಂದೇ ಮೈ, ಒಂದೇ ರಕ್ತ, ಒಂದೇ ಊಟ. ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕೆಂದು ನನಗನ್ನಿಸುವುದಿಲ್ಲ.

ಈಗ ತಂತುವಿನ ಒಳಗೆ ಹೋಗೋಣ. ಸ್ನಾಯುತಂತುವಿನ ಉದ್ದಕ್ಕೂ ಸಾರ್ಕೊಮಿಯರ್ ಎಂಬ ಚಿಕ್ಕಚಿಕ್ಕ ಕೊಂಡಿಗಳು ಸಾಲಾಗಿ ಜೋಡಿಸಿಕೊಂಡಿವೆ. ಒಂದರ ಉದ್ದ ಸುಮಾರು 2.5 ಮೈಕ್ರೋಮೀಟರ್, ಅಂದರೆ ಹತ್ತು ಸೆಂಟಿಮೀಟರ್ ಉದ್ದದ ತಂತುವಿನಲ್ಲಿ ಸುಮಾರು 40,000 ಕೊಂಡಿ. ಪ್ರತಿ ಕೊಂಡಿಯಲ್ಲೂ ಎರಡು ಬಗೆಯ ಎಳೆಗಳಿವೆ, ಮಯೋಸಿನ್ ಮತ್ತು ಆ್ಯಕ್ಟಿನ್. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಸೇರಿಸಿದ ಹಾಗೆ ಅವು ಒಂದರ ಮೇಲೊಂದು ಬಂದಿರುತ್ತವೆ. ಬೆರಳು ಒಳಗೆ ಜಾರಿದರೆ ಸ್ನಾಯು ಗಿಡ್ಡ, ಹೊರಗೆ ಜಾರಿದರೆ ಉದ್ದ. ಕೊಂಡಿ ಕೊಂಡಿಯ ನಡುವೆ ಝಡ್ ಗೆರೆ ಎಂಬ ಗೋಡೆ. ಎಳೆಗಳು ಪೂರ್ತಿ ಕಳಚದಂತೆ ಟೈಟಿನ್ ಎಂಬ ಸ್ಪ್ರಿಂಗಿನಂಥ ಪ್ರೋಟೀನು ಹಿಡಿದುಕೊಂಡಿದೆ. ಮೂವತ್ತು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಈ ದೈತ್ಯ, ಮನುಷ್ಯನ ಮೈಯಲ್ಲಿರುವ ಪ್ರೋಟೀನುಗಳಲ್ಲೆಲ್ಲ ದೊಡ್ಡದು.

ನಲವತ್ತು ಸಾವಿರ ಕೊಂಡಿಯೂ ಒಂದೇ ಸಮ ಗಟ್ಟಿ ಇರುವುದಿಲ್ಲ. ಭಾರ ಹೊತ್ತು ಹಿಗ್ಗುವಾಗ ದುರ್ಬಲವಾದ ಕೊಂಡಿ ಪಕ್ಕದವಕ್ಕಿಂತ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದಷ್ಟೂ ಬೆರಳುಗಳ ಹಿಡಿತ ಕಡಿಮೆ, ಹಿಡಿತ ಕಡಿಮೆಯಾದಷ್ಟೂ ಇನ್ನಷ್ಟು ಹಿಗ್ಗು. ಕೊನೆಗೆ ಅದು ಫಟ್ಟನೆ ಹಿಡಿತ ಕಳೆದುಕೊಳ್ಳುತ್ತದೆ. 1990ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಮಾರ್ಗನ್ ಮುಂದಿಟ್ಟ ವಿವರಣೆ ಇದು. ಸ್ನಾಯು ಸಡಿಲಿಸಿದಾಗ ಹೆಚ್ಚಿನ ಕೊಂಡಿಗಳು ಮತ್ತೆ ಹೆಣೆದುಕೊಳ್ಳುತ್ತವೆ, ಕೆಲವು ಆಗುವುದಿಲ್ಲ. ಹೀಗೆ ಹಾಳಾದದ್ದನ್ನು ಕಣ್ಣಾರೆ ಕಂಡದ್ದು ಅದಕ್ಕೂ ಮೊದಲೇ: 1981ರಲ್ಲಿ ಸ್ವೀಡನ್ನಿನ ಫ್ರಿಡೆನ್ ಮತ್ತು ಸಂಗಡಿಗರು, ಮೆಟ್ಟಿಲಿಳಿಯುತ್ತಾ ಓಡಿದವರ ಮೀನಖಂಡದಿಂದ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೆಟ್ಟಗಿರಬೇಕಾದ ಝಡ್ ಗೆರೆಗಳು ಅಲ್ಲಲ್ಲಿ ಅಲೆ ಅಲೆಯಾಗಿ, ಮಳೆಯಲ್ಲಿ ನೆಂದ ರಂಗೋಲಿಯ ಗೆರೆಯಂತೆ ಹರಡಿಹೋಗಿದ್ದವು.

ಇಂಥ ಕಡೆ ತಂತುವಿನ ಪೊರೆಯೂ ಸೋರುತ್ತದೆ. ಕ್ಯಾಲ್ಸಿಯಂ ಒಳಗೆ ಹೆಚ್ಚಾಗಿ, ಕ್ಯಾಲ್ಪೇನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದು ಕೆಟ್ಟ ಪ್ರೋಟೀನನ್ನು ಕತ್ತರಿಸತೊಡಗುತ್ತದೆ. ಕೆಲ ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಬರುತ್ತವೆ, ಒಂದೆರಡು ದಿನದಲ್ಲಿ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳು ಬಂದು ಅವಶೇಷ ತಿಂದು ಜಾಗ ಚೊಕ್ಕಟ ಮಾಡುತ್ತವೆ. ನೀರು ಸೇರಿ ಸ್ವಲ್ಪ ಊದುತ್ತದೆ. ತಂತುವಿನ ಅಂಚಿನಲ್ಲಿ ನಿದ್ದೆಯಲ್ಲಿರುವ ಸ್ಯಾಟಲೈಟ್ ಕೋಶಗಳು (1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದವು) ಬೇಕಾದ ಕಡೆ ಎಚ್ಚೆತ್ತು ದುರಸ್ತಿಗೆ ಸೇರುತ್ತವೆ.

ಹರಿದದ್ದಕ್ಕೆ ನೋವು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. 1902ರಲ್ಲಿ ಬೆರಳಿನ ಸ್ನಾಯುಗಳ ಮೇಲೆ ಪ್ರಯೋಗ ಮಾಡಿದ ಅಮೆರಿಕದ ಥಿಯೊಡೋರ್ ಹಾಫ್ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು: ದಣಿದ ಕೂಡಲೇ ಬರುವ ನೋವು ಬೇರೆ, ಮರುದಿನ ಬರುವ ನೋವು ಬೇರೆ, ಮರುದಿನದ್ದು ಸ್ನಾಯುವಿನೊಳಗಿನ ಹರುಕಿನಿಂದ. ನೂರಿಪ್ಪತ್ತು ವರ್ಷದ ಹಿಂದೆ ಅಷ್ಟು ಹತ್ತಿರಕ್ಕೆ ಬಂದದ್ದು ದೊಡ್ಡದು. ಆದರೆ ಹರಿದದ್ದು ಭಾನುವಾರವಾದರೆ ನೋವು ಮಂಗಳವಾರ ಏಕೆ? ಬೆರಳು ಕುಯ್ದರೆ ಆಗಲೇ ನೋಯುತ್ತದಲ್ಲ.

ನನ್ನ ತೊಡೆಯ ಮೇಲೆ ಮಂಗಳವಾರ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದೆ. ಬೇರೆ ದಿನವಾದರೆ ಒತ್ತಿದ್ದಷ್ಟೇ ಗೊತ್ತಾಗುವ ಒತ್ತಡಕ್ಕೆ ಕಣ್ಣಲ್ಲಿ ನೀರು ಬಂತು. ಬೆರಳು ತೆಗೆದರೆ ನೋವಿಲ್ಲ. ಗಾಯದ ನೋವು ಹೀಗಿರುವುದಿಲ್ಲ. ಇಲ್ಲಿ ಬದಲಾಗಿರುವುದು ನೋವಿನ ನರಗಳ ಹೊಸ್ತಿಲು. ಸ್ನಾಯುವಿನಲ್ಲಿ ಕೂದಲೆಳೆಗಿಂತ ತೆಳ್ಳಗಿನ ನರತುದಿಗಳು ಹರಡಿವೆ, ಮಾಮೂಲಿ ಒತ್ತಡಕ್ಕೆ, ಎಳೆತಕ್ಕೆ ಅವು ಸುಮ್ಮನಿರುತ್ತವೆ. ಈಗ ಅವೇ ಮೆಟ್ಟಿಲಿಳಿಯುವ ಸಾಧಾರಣ ಎಳೆತಕ್ಕೂ ಕೂಗಿಕೊಳ್ಳುತ್ತವೆ. ಬಿಸಿಲಿಗೆ ಬೆನ್ನು ಕಂದಿದ ಮೇಲೆ ಹತ್ತಿಯ ಅಂಗಿಯೂ ಉರಿಯುತ್ತದಲ್ಲ, ಆ ರೀತಿ.

ನರಗಳನ್ನು ಹೀಗೆ ಚುರುಕುಗೊಳಿಸುವುದು ಯಾವುದು? ಈ ಪ್ರಶ್ನೆಗೆ ನನಗೆ ಬಹಳ ಇಷ್ಟವಾದ ಉತ್ತರ ಬಂದದ್ದು ಜಪಾನಿನ ಕಜುಎ ಮಿಜುಮುರಾ ಅವರ ತಂಡದಿಂದ, ಇಲಿಗಳ ಮೇಲಿನ ಕೆಲಸದಿಂದ. ವ್ಯಾಯಾಮದ ಹೊತ್ತಿನಲ್ಲೇ ಬ್ರಾಡಿಕೈನಿನ್ ಎಂಬ ವಸ್ತು ಬಿಡುಗಡೆಯಾಗುತ್ತದೆ. ಅದು ತಾನೇ ಎರಡು ದಿನ ನೋಯಿಸುವುದಿಲ್ಲ; ನರವೃದ್ಧಿ ಅಂಶ ಎಂಬ ಇನ್ನೊಂದು ಪ್ರೋಟೀನನ್ನು ತಯಾರಿಸಲು ಹೇಳಿ ಹೋಗುತ್ತದೆ. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರ ನೊಬೆಲ್ ತಂದುಕೊಟ್ಟ ಪ್ರೋಟೀನು ಇದೇ. ಜೀನು ಎಚ್ಚರವಾಗಿ, ಪ್ರೋಟೀನು ತಯಾರಾಗಿ, ನರತುದಿಗೆ ತಲುಪಿ ಅದನ್ನು ಸೂಕ್ಷ್ಮಗೊಳಿಸಲು ಗಂಟೆಗಳು ಬೇಕು. ತಡವಾಗುವುದಕ್ಕೆ ಇದೊಂದು ಕಾರಣ. ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಿಡಿಸಿ ತೋರಿಸುತ್ತದೆ: ಬ್ರಾಡಿಕೈನಿನ್ ಕೆಲಸವನ್ನು ತಡೆಯುವ ಔಷಧವನ್ನು ವ್ಯಾಯಾಮಕ್ಕೆ ಮೊದಲು ಕೊಟ್ಟರೆ ನೋವು ಬರಲಿಲ್ಲ, ಎರಡು ದಿನ ಬಿಟ್ಟು ಕೊಟ್ಟರೆ ಪ್ರಯೋಜನವಾಗಲಿಲ್ಲ. ಆದರೆ ಎರಡು ದಿನದ ಮೇಲೂ ನರವೃದ್ಧಿ ಅಂಶವನ್ನು ತಡೆದರೆ ನೋವು ಇಳಿಯಿತು. ಚೀಟಿ ಕೊಟ್ಟವನು ಮನೆಗೆ ಹೋಗಿಯಾಗಿತ್ತು, ಚೀಟಿ ಮಾತ್ರ ಕೆಲಸ ನಡೆಸುತ್ತಿತ್ತು. ಜೊತೆಗೆ ನರಗಳನ್ನು ಚುರುಕುಗೊಳಿಸುವ ಇನ್ನೊಂದು ದಾರಿಯನ್ನೂ ಅದೇ ತಂಡ ಕಂಡಿತು.

ನೋವು ಸ್ನಾಯುತಂತುವಿನದ್ದೇ ಆಗಿರಬೇಕೆಂದೂ ಇಲ್ಲ. ತಂತುಗಳ ಕಟ್ಟನ್ನು ಸುತ್ತಿರುವ ಬಿಳಿಯ ತೆಳು ಹೊದಿಕೆಯಲ್ಲಿ ನೋವಿನ ನರತುದಿಗಳು ದಟ್ಟವಾಗಿವೆ. ಇಂಥ ವ್ಯಾಯಾಮದ ಮರುದಿನ ಆ ಹೊದಿಕೆಗೆ ಚುಚ್ಚಿದ ಉಪ್ಪುನೀರು, ಸ್ನಾಯುವಿನೊಳಗೆ ಚುಚ್ಚಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿದೆ.

ಇದರಿಂದ ಒಂದು ಮಾತು ಹೊರಡುತ್ತದೆ, ಜಿಮ್ಮಿಗೆ ಹೋಗುವ ಹುಡುಗರಿಗೆಲ್ಲ ಕೂರಿಸಿ ಹೇಳಬೇಕೆನಿಸುತ್ತದೆ: ನೋವು ಎಷ್ಟಿದೆ ಎನ್ನುವುದು ಎಷ್ಟು ಹಾಳಾಗಿದೆ ಎನ್ನುವುದರ ಅಳತೆಯಲ್ಲ, ಎಷ್ಟು ಬೆಳೆದೆ ಎನ್ನುವುದರ ಅಳತೆಯಂತೂ ಅಲ್ಲವೇ ಅಲ್ಲ. ಸ್ನಾಯುವಿನ ಶಕ್ತಿ ಅತಿ ಹೆಚ್ಚು ಕುಸಿದಿರುವುದು ವ್ಯಾಯಾಮ ಮುಗಿದ ಕೂಡಲೇ, ಆಗ ನೋವೇ ಇರುವುದಿಲ್ಲ. ನನ್ನ ಮಂಡಿಯ ಮೇಲಿನ ನಡುಕ ಅದೇ. ನೋವು ಅತಿ ಹೆಚ್ಚು ಒಂದರಿಂದ ಮೂರು ದಿನದ ನಡುವೆ. ಸೋರಿದ ಪೊರೆಯಿಂದ ರಕ್ತಕ್ಕೆ ಬರುವ ಕ್ರಿಯಾಟಿನ್ ಕೈನೇಸ್ ಕಿಣ್ವ, ತೋಳಿನ ವ್ಯಾಯಾಮದ ನಂತರ ಶಿಖರ ಮುಟ್ಟುವುದು ನಾಲ್ಕೈದನೇ ದಿನ, ಆ ಹೊತ್ತಿಗೆ ನೋವು ಬಹುಪಾಲು ಬಿಟ್ಟಿರುತ್ತದೆ. ಮೂರು ಗಡಿಯಾರ, ಮೂರು ಸಮಯ. "ನೋವು ಬರಲಿಲ್ಲ, ಅಂದರೆ ಸರಿಯಾಗಿ ಮಾಡಿಲ್ಲ" ಎಂದುಕೊಂಡು ಮರುದಿನ ಇನ್ನೂ ಜಾಸ್ತಿ ಭಾರ ಹೇರಿಕೊಳ್ಳುವವರನ್ನು ಕಂಡಾಗ ಸಂಕಟವಾಗುತ್ತದೆ.

ಯಾಕೆಂದರೆ ಅದರ ತುದಿಯಲ್ಲಿ ನಿಜವಾದ ಅಪಾಯವೊಂದಿದೆ. ತಂತುಗಳು ಅಲ್ಲಲ್ಲಿ ಸೋರುವುದು ಬೇರೆ, ರಾಶಿರಾಶಿಯಾಗಿ ಒಡೆಯುವುದು ಬೇರೆ. ಆಗ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ರಕ್ತಕ್ಕೆ ಸುರಿದು ಮೂತ್ರಪಿಂಡವನ್ನು ಕೆಡಿಸುತ್ತದೆ. 1941ರಲ್ಲಿ ಲಂಡನ್ನಿನ ಬಾಂಬ್ ದಾಳಿಯಲ್ಲಿ ಅವಶೇಷದಡಿ ಸಿಕ್ಕಿ ಕಾಲು ಜಜ್ಜಿಹೋದವರು, ಹೊರತೆಗೆದ ಕೆಲ ದಿನಗಳಲ್ಲಿ ಮೂತ್ರಪಿಂಡ ಕೈಕೊಟ್ಟು ಸಾಯುತ್ತಿದ್ದುದನ್ನು ಬೈವಾಟರ್ಸ್ ಮತ್ತು ಬೀಲ್ ದಾಖಲಿಸಿದರು. ಅದೇ ದುರವಸ್ಥೆ ಬಿಸಿಲಿನಲ್ಲಿ, ನೀರು ಕುಡಿಯದೆ, ಅಭ್ಯಾಸವಿಲ್ಲದ ಮೈಯನ್ನು ಮಿತಿಮೀರಿ ದಂಡಿಸಿದಾಗಲೂ ಬರುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕೈಕಾಲು ವಿಪರೀತ ಊದಿ ಬಲವೇ ಇಲ್ಲದಂತಾದರೆ, ಬಿಸಿನೀರು ಕಾಯಿಸುತ್ತಾ ಕೂರಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮಾಮೂಲಿ ನೋವಿಗೆ ಏನು ಮಾಡುವುದು? ಹೆಚ್ಚೇನಿಲ್ಲ. ಮೊದಲು ಅಥವಾ ಆಮೇಲೆ ಮೈ ಎಳೆದು ಸಡಿಲಿಸಿದರೆ ನೋವು ಬರುವುದಿಲ್ಲ ಎನ್ನುವುದನ್ನು ಕಾಕ್ರೇನ್ ಸಂಸ್ಥೆ 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ನೂರು ಅಂಕದ ಅಳತೆಗೋಲಿನಲ್ಲಿ ಸಿಕ್ಕ ಲಾಭ ಒಂದು ಅಂಕದಷ್ಟು. ಮೃದುವಾದ ಮಾಲೀಸಿನಿಂದ ಸ್ವಲ್ಪ ಆರಾಮ ಸಿಗುತ್ತದೆ. ಮಂಜುಗಡ್ಡೆಯ ನೀರಿನಲ್ಲಿ ಕೂರುವುದರಿಂದಲೂ ನೋವು ಸ್ವಲ್ಪ ತಗ್ಗುತ್ತದೆ, ಆದರೆ ಪ್ರತಿ ಸಲ ಅದನ್ನೇ ಮಾಡಿದವರಲ್ಲಿ ಹನ್ನೆರಡು ವಾರದ ಭಾರದ ತರಬೇತಿಯ ನಂತರ ಸ್ನಾಯು ಬೆಳೆದದ್ದೇ ಕಡಿಮೆ ಎಂದು ಆಸ್ಟ್ರೇಲಿಯಾದಲ್ಲಿ 2015ರಲ್ಲಿ ಕಂಡುಬಂತು. ಅಮ್ಮ ಹೇಳಿದ ಓಡಾಟ ಒಳ್ಳೆಯ ಸಲಹೆ: ಓಡಾಡುತ್ತಿರುವಷ್ಟು ಹೊತ್ತು ನೋವು ಕಡಿಮೆ, ಕೂತರೆ ಮತ್ತೆ ಹಿಡಿಯುತ್ತದೆ. ಬಿಸಿನೀರಿನ ಹಿತ ಯಾರಿಗೂ ಬೇಡವೆನ್ನಲಾರೆ. ಐದರಿಂದ ಏಳು ದಿನದಲ್ಲಿ ಅದು ತಾನಾಗಿಯೇ ಹೋಗುತ್ತದೆ.

ಹೋಗುವಾಗ ಒಂದು ರಕ್ಷಣೆಯನ್ನು ಬಿಟ್ಟುಹೋಗುತ್ತದೆ, ಈ ವಿಷಯದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದೇ. ಗರಡಿಗೆ ಹೊಸದಾಗಿ ಸೇರಿದವನಿಗೆ ಮೊದಲ ವಾರ ಬಸ್ಕಿ ಹೊಡೆದು ತೊಡೆ ಎತ್ತಲಾಗುವುದಿಲ್ಲ. ತಿಂಗಳಲ್ಲಿ ಅದರ ಹತ್ತರಷ್ಟು ಹೊಡೆದರೂ ಏನೂ ಆಗುವುದಿಲ್ಲ. ನಾಟಿಯ ಮೊದಲೆರಡು ದಿನ ಸೊಂಟ, ಹಿಂದೊಡೆ ಹಿಡಿದುಕೊಂಡವರು ವಾರದಲ್ಲಿ ಅದೇ ಗದ್ದೆಯಲ್ಲಿ ದಿನವಿಡೀ ಬಗ್ಗಿರುತ್ತಾರೆ. ಇಂಥ ಒಂದೇ ಒಂದು ಸಲದ ಕೆಲಸ ಸಾಕು, ವಾರಗಟ್ಟಲೆ, ಕೆಲವೊಮ್ಮೆ ಆರು ತಿಂಗಳವರೆಗೂ ಅದೇ ಕೆಲಸದಿಂದ ಅಷ್ಟೇ ನೋವಾಗುವುದಿಲ್ಲ. ಮೊದಲ ಸಲ ಜೋರಾಗಿಯೇ ನೋವಾಗಿರಬೇಕೆಂದೂ ಇಲ್ಲ, ಹಗುರವಾಗಿ ಮಾಡಿದ್ದೂ ಕಾಪಾಡುತ್ತದೆ. ಇಳಿಜಾರಿನಲ್ಲಿ ಕೆಲವು ದಿನ ಓಡಿಸಿದ ಇಲಿಗಳ ತೊಡೆಯನ್ನು 1994ರಲ್ಲಿ ಮಾರ್ಗನ್ ಮತ್ತು ಲಿನ್ ಪರೀಕ್ಷಿಸಿದಾಗ, ಏರಿನಲ್ಲಿ ಓಡಿಸಿದ ಇಲಿಗಳಿಗಿಂತ ಅವುಗಳ ತಂತುವಿನ ಸಾಲಿನಲ್ಲಿ ಹೆಚ್ಚು ಕೊಂಡಿಗಳಿದ್ದವು. ಕೊಂಡಿಗಳು ಹೆಚ್ಚಿದರೆ ಒಂದೊಂದರ ಪಾಲಿಗೆ ಬರುವ ಹಿಗ್ಗು ಕಡಿಮೆ, ಹಿಡಿತ ತಪ್ಪುವುದೂ ಕಡಿಮೆ. ನರವ್ಯೂಹ ಕೆಲಸ ಹಂಚುವ ರೀತಿ, ತಂತುಗಳ ಸುತ್ತಲಿನ ಹೊದಿಕೆಯ ಗಟ್ಟಿತನ ಕೂಡ ಬದಲಾಗುತ್ತವೆ. ಇನ್ನೂ ಸೋಜಿಗವೆಂದರೆ, ಒಂದು ಕೈಗೆ ಕೊಟ್ಟ ಕೆಲಸ ಇನ್ನೊಂದು ಕೈಯನ್ನೂ ಸ್ವಲ್ಪಮಟ್ಟಿಗೆ ಕಾಯುತ್ತದೆ.

ಮೂರು ವಾರ ಬಿಟ್ಟು ತಂಗಿಯೂ ನಾನೂ ಅದೇ ಮೆಟ್ಟಿಲು ಹತ್ತಿದೆವು. ನಂದಿಯ ಹತ್ತಿರ ಅಷ್ಟೇ ಏದುಸಿರು, ಅಷ್ಟೇ ಉರಿ. ಮೆಟ್ಟಿಲಲ್ಲೇ ಇಳಿದೆವು. ಮೂರನೇ ದಿನ ಬೆಳಗ್ಗೆ ಅವಳು "ಹೇಗಿದೀಯ ಅಕ್ಕಾ?" ಎಂದು ಫೋನ್ ಮಾಡಿದಾಗ ನಾನು ಮಹಡಿಯಲ್ಲಿ ಬಟ್ಟೆ ಹರವಿ ಇಳಿಯುತ್ತಿದ್ದೆ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಖಾಲಿ ಬಕೆಟ್ಟು.